ಹೆಸರಿಲ್ಲದ ಜ್ವರದ ಮೊದಲ ವಾರ

ಸಾಮಾನ್ಯ ವೈದ್ಯರ ಮುಂದೆ ಬರುವ ದೂರುಗಳಲ್ಲಿ ತೀರಾ ಕಷ್ಟದ್ದು ಯಾವುದೋ ಅಪರೂಪದ ಕಾಯಿಲೆಯಲ್ಲ. ನಾಲ್ಕೈದು ದಿನದಿಂದ ಜ್ವರ, ತಲೆನೋವು, ಮೈಕೈ ನೋವು, ಬಾಯಿರುಚಿ ಕೆಟ್ಟಿದೆ. ಇಷ್ಟು ಬಿಟ್ಟರೆ ಬೇರೆ ಸುಳಿವಿಲ್ಲ. ಕೆಮ್ಮಿದ್ದರೆ ಎದೆಯ ಕಡೆ ನೋಡಬಹುದು, ಉರಿಮೂತ್ರವಿದ್ದರೆ ಮೂತ್ರದ ಸೋಂಕನ್ನು ಹುಡುಕಬಹುದು. ಬರೀ ಜ್ವರ ಯಾವ ದಿಕ್ಕಿಗೂ ಕೈ ತೋರುವುದಿಲ್ಲ. ಕರ್ನಾಟಕದಲ್ಲಿ ಹೀಗೆ ಶುರುವಾಗುವ ಕಾಯಿಲೆಗಳು ಒಂದೆರಡಲ್ಲ: ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯಾ, ಟೈಫಾಯಿಡ್, ಇಲಿಜ್ವರ, ಸ್ಕ್ರಬ್ ಟೈಫಸ್, ಮಲೆನಾಡಿನ ಮಂಗನ ಕಾಯಿಲೆ, ಜೊತೆಗೆ ತಾನಾಗಿ ಬಂದು ತಾನಾಗಿ ಹೋಗುವ ಹತ್ತಾರು ವೈರಲ್ ಜ್ವರಗಳು. ಮೊದಲ ಐದು ದಿನ ಇವೆಲ್ಲದರ ಚಹರೆ ಹೆಚ್ಚುಕಡಿಮೆ ಒಂದೇ. ಚಿಕಿತ್ಸೆ ಮಾತ್ರ ಒಂದೇ ಅಲ್ಲ. ಒಂದಕ್ಕೆ ಆ್ಯಂಟಿಬಯೋಟಿಕ್ ಬೇಕು, ಇನ್ನೊಂದಕ್ಕೆ ಬೇರೆಯದೇ ಆ್ಯಂಟಿಬಯೋಟಿಕ್ ಬೇಕು, ಮತ್ತೊಂದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ಬೇಡ, ದ್ರವದ ಲೆಕ್ಕ ತಪ್ಪದಂತೆ ಕಾಯುವುದು ಬೇಕು. ಈ ಮೊದಲ ವಾರದಲ್ಲಿ ಜನರನ್ನು ಹೆಚ್ಚು ಅಪಾಯಕ್ಕೆ ದೂಡುವುದು ಪರೀಕ್ಷೆಗಳ ಕೊರತೆಯಲ್ಲ, ಜ್ವರಕ್ಕೆ ಬೇಗ ಒಂದು ಹೆಸರಿಟ್ಟುಬಿಡುವ ಆತುರ ಎಂಬುದು ನನ್ನ ವಾದ. ಲ್ಯಾಬಿನ ಚೀಟಿ ಹೆಸರನ್ನು ತಂದುಕೊಡುವುದಿಲ್ಲ. ನಮಗೆ ಮೊದಲೇ ಇದ್ದ ಅನುಮಾನವನ್ನು ಸ್ವಲ್ಪ ಏರಿಸುತ್ತದೆ, ಇಲ್ಲವೇ ಸ್ವಲ್ಪ ಇಳಿಸುತ್ತದೆ. ಅನುಮಾನವೇ ಇಲ್ಲದೆ ಬರೆಸಿದ ಪರೀಕ್ಷೆ ಏನನ್ನೂ ಹೇಳಲಾರದು. ಆದರೂ ಏನೋ ಹೇಳಿದಂತೆ ಕಾಣುತ್ತದೆ, ಅಪಾಯ ಇರುವುದೂ ಅಲ್ಲಿಯೇ.

ವಿಡಾಲ್ ಪರೀಕ್ಷೆಯನ್ನೇ ನೋಡೋಣ. ತಾಲ್ಲೂಕು ಕೇಂದ್ರದ ಸಣ್ಣ ಲ್ಯಾಬಿನಿಂದ ಹಿಡಿದು ನಗರದ ದೊಡ್ಡ ಆಸ್ಪತ್ರೆಯವರೆಗೆ ಜ್ವರ ಎಂದೊಡನೆ ಬರೆಸುವ ಪರೀಕ್ಷೆಗಳಲ್ಲಿ ಇದೊಂದು. ಪ್ಯಾರಿಸ್ಸಿನ ವೈದ್ಯ ಫೆರ್ನಾಂ ವಿಡಾಲ್ ಇದನ್ನು 1896ರಲ್ಲಿ ಪ್ರಕಟಿಸಿದ. ಟೈಫಾಯಿಡ್ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ರೋಗಿಯ ರಕ್ತದ್ರವದಲ್ಲಿದ್ದರೆ, ಆ ದ್ರವಕ್ಕೆ ಬ್ಯಾಕ್ಟೀರಿಯಾವನ್ನು ಬೆರೆಸಿದಾಗ ಅವು ಗುಂಪುಗೂಡಿ ಗಂಟುಕಟ್ಟುತ್ತವೆ. ದ್ರವವನ್ನು ಎಷ್ಟರವರೆಗೆ ತೆಳ್ಳಗೆ ಮಾಡಿದರೂ ಗಂಟು ಕಟ್ಟುತ್ತದೆ ಎಂಬುದೇ ಚೀಟಿಯಲ್ಲಿ ಕಾಣುವ 1:80, 1:160 ಎಂಬ ಅಂಕಿ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಸೌಕರ್ಯ ಎಲ್ಲೆಡೆ ಇಲ್ಲದ ಕಾಲದಲ್ಲಿ ಇದೊಂದು ದೊಡ್ಡ ಸಾಧನೆಯೇ ಆಗಿತ್ತು. ಟೈಫಾಯಿಡ್ ವಿರಳವಾಗಿರುವ ಊರಿನಲ್ಲಿ ಹೆಚ್ಚಿನವರಲ್ಲಿ ಆ ಪ್ರತಿಕಾಯಗಳು ಮೊದಲೇ ಇರುವುದಿಲ್ಲವಾದ್ದರಿಂದ, ಕಂಡರೆ ಅದಕ್ಕೆ ಅರ್ಥವಿದೆ. ನಮ್ಮಲ್ಲಿ ಹಾಗಲ್ಲ. ಕಲುಷಿತ ನೀರಿನ ಮೂಲಕ ಈ ಬ್ಯಾಕ್ಟೀರಿಯಾವನ್ನೋ ಅದರ ಬಳಗದ ಇನ್ನೊಂದನ್ನೋ ಎಂದೋ ಒಮ್ಮೆ ಎದುರಿಸಿದವರು ಬೇಕಾದಷ್ಟು ಮಂದಿ. ಅವರ ರಕ್ತದಲ್ಲಿ ಹಳೆಯ ಪ್ರತಿಕಾಯಗಳು ಉಳಿದಿರುತ್ತವೆ. ಮಲೇರಿಯಾದಂತಹ ಬೇರೆ ಜ್ವರ ಬಂದು ದೇಹದ ರಕ್ಷಣಾ ವ್ಯವಸ್ಥೆ ಒಟ್ಟಾರೆ ಕೆರಳಿದಾಗ ಆ ಹಳೆಯ ಅಂಕಿ ಮೇಲೇರುವುದೂ ಉಂಟು. ಹೀಗಾಗಿ ಒಂದೇ ಸಲ ತೆಗೆದ ರಕ್ತದಲ್ಲಿ 1:160 ಕಂಡಿತೆಂದರೆ ಇವತ್ತಿನ ಜ್ವರ ಟೈಫಾಯಿಡ್ ಎಂದಾಗುವುದಿಲ್ಲ. ಪಠ್ಯಪುಸ್ತಕ ಹೇಳುವ ಕ್ರಮವೇ ಬೇರೆ: ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು ಅಂಕಿ ನಾಲ್ಕು ಪಟ್ಟು ಏರಿದೆಯೇ ನೋಡಬೇಕು. ಎರಡನೆಯ ಸಲ ರಕ್ತ ಕೊಡಲು ಬರುವವರು ಕಡಿಮೆ, ಬರಹೇಳುವವರು ಇನ್ನೂ ಕಡಿಮೆ.

ಇದನ್ನು ಲೆಕ್ಕಕ್ಕೆ ಇಳಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಮುಂದಿನ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಯಾವ ಊರಿನ ಗಣತಿಯೂ ಅಲ್ಲ. ಒಂದು ಪರೀಕ್ಷೆ ಟೈಫಾಯಿಡ್ ಇರುವ ನೂರು ಮಂದಿಯಲ್ಲಿ 70 ಮಂದಿಯನ್ನು ಗುರುತಿಸುತ್ತದೆ, ಇಲ್ಲದ ನೂರು ಮಂದಿಯಲ್ಲಿ 20 ಮಂದಿಗೆ ತಪ್ಪಾಗಿ ಇದೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಜ್ವರವೆಂದು ಬಂದ ಸಾವಿರ ಮಂದಿಗೆಲ್ಲ ಅದನ್ನು ಮಾಡಿಸಿದೆವು, ಅವರಲ್ಲಿ ನಿಜವಾಗಿ ಟೈಫಾಯಿಡ್ ಇರುವವರು 50. ಆ ಐವತ್ತರಲ್ಲಿ 35 ಮಂದಿಗೆ ಪಾಸಿಟಿವ್ ಬರುತ್ತದೆ. ಉಳಿದ 950 ಮಂದಿಯಲ್ಲಿ 190 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 225 ಪಾಸಿಟಿವ್ ಚೀಟಿಗಳಲ್ಲಿ ನಿಜವಾದವು 35, ಅಂದರೆ ನೂರಕ್ಕೆ ಹದಿನಾರೂ ಇಲ್ಲ. ಈಗ ಅದೇ ಪರೀಕ್ಷೆಯನ್ನು ಬೇರೆಯವರಿಗೆ ಮಾಡೋಣ. ವಾರದ ಮೇಲಾದರೂ ಇಳಿಯದೆ ದಿನದಿಂದ ದಿನಕ್ಕೆ ಮೆಟ್ಟಿಲೇರುವ ಜ್ವರ, ಹೊಟ್ಟೆನೋವು, ಸ್ವಲ್ಪ ಹಿಗ್ಗಿದ ಗುಲ್ಮ, ಒಂದೇ ನೀರಿನ ಟ್ಯಾಂಕು ಬಳಸುವ ಬೀದಿಯಲ್ಲಿ ಇನ್ನೂ ನಾಲ್ವರಿಗೆ ಇದೇ ಕಾಯಿಲೆ: ಇಂತಹ ಸಾವಿರ ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ಟೈಫಾಯಿಡ್ ಇದೆ ಎಂದು ಹಿಡಿದರೆ, 350 ನಿಜವಾದ ಪಾಸಿಟಿವ್, 100 ಸುಳ್ಳು ಪಾಸಿಟಿವ್. ಚೀಟಿ ಪಾಸಿಟಿವ್ ಬಂದರೆ ನಂಬಿಕೆ ನೂರಕ್ಕೆ 78ರ ಹತ್ತಿರ ನಿಲ್ಲುತ್ತದೆ. ಪರೀಕ್ಷೆ ಅದೇ, ಚೀಟಿಯ ಮೇಲಿನ ಅಂಕಿಯೂ ಅದೇ. ಅರ್ಥ ಮಾತ್ರ ಐದು ಪಟ್ಟು ಬದಲಾಯಿತು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಈ ಎರಡನೆಯ ಗುಂಪಿನಲ್ಲಿ ನೆಗೆಟಿವ್ ಬಂದ 550 ಮಂದಿಯಲ್ಲಿ 150 ಮಂದಿಗೆ ಟೈಫಾಯಿಡ್ ಇದ್ದೇ ಇದೆ. ರಿಪೋರ್ಟ್ ನಾರ್ಮಲ್ ಇದೆ, ಟೈಫಾಯಿಡ್ ಇಲ್ಲ ಎಂದು ಅವರನ್ನು ಮನೆಗೆ ಕಳಿಸುವುದೂ ಅಷ್ಟೇ ದೊಡ್ಡ ತಪ್ಪು.

ಈ ಲೆಕ್ಕದ ಬೇರು 1763ರಷ್ಟು ಹಳೆಯದು. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ ಅವನ ಗೆಳೆಯ ರಿಚರ್ಡ್ ಪ್ರೈಸ್ ಪ್ರಕಟಿಸಿದ ಪ್ರಬಂಧದಲ್ಲಿ ಅದರ ತಿರುಳಿದೆ. ಲೆಡ್ಲಿ ಮತ್ತು ಲಸ್ಟೆಡ್ ಎಂಬಿಬ್ಬರು 1959ರಲ್ಲಿ ಅದನ್ನು ರೋಗನಿದಾನಕ್ಕೆ ಅನ್ವಯಿಸಿ ತೋರಿಸಿದರು. ಆದರೂ ಅದು ಮನುಷ್ಯರ ಮನಸ್ಸಿಗೆ ಸಲೀಸಾಗಿ ಒಗ್ಗುವುದಿಲ್ಲ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳೂ ವೈದ್ಯರೂ ಸೇರಿ 60 ಮಂದಿಗೆ ಒಂದು ಪ್ರಶ್ನೆ ಕೇಳಲಾಯಿತು: ಸಾವಿರಕ್ಕೆ ಒಬ್ಬರಲ್ಲಿರುವ ಕಾಯಿಲೆ, ನೂರಕ್ಕೆ ಐದು ಸಲ ಸುಳ್ಳು ಪಾಸಿಟಿವ್ ಕೊಡುವ ಪರೀಕ್ಷೆ, ಪಾಸಿಟಿವ್ ಬಂದ ವ್ಯಕ್ತಿಗೆ ಕಾಯಿಲೆ ಇರುವ ಸಂಭವ ಎಷ್ಟು? ಸರಿಯುತ್ತರ ನೂರಕ್ಕೆ ಸುಮಾರು ಎರಡು. ಎಲ್ಲಕ್ಕಿಂತ ಹೆಚ್ಚು ಮಂದಿ ಕೊಟ್ಟ ಉತ್ತರ 95. ಸರಿ ಹೇಳಿದವರು 11 ಮಂದಿ ಮಾತ್ರ. ವಿಡಾಲ್ ಚೀಟಿಯನ್ನು ಕಣ್ಣುಮುಚ್ಚಿ ನಂಬುವುದು ಸಣ್ಣ ಊರಿನ ವೈದ್ಯರ ಅಜ್ಞಾನ ಎಂದು ಸುಲಭವಾಗಿ ಹೇಳುವವರಿಗೆ ಈ ಅಂಕಿ ಸಾಕು. ಮಹಾನ್ ವಿದ್ಯಾಲಯದಲ್ಲಿ ಕಲಿತವರಿಗೂ ಅಚ್ಚಾದ ಅಂಕಿಯ ಮುಂದೆ ಅಚ್ಚಾಗದ ಸಂಭವ ಮರೆತುಹೋಗುತ್ತದೆ.

ಹಾಗಾದರೆ ಪರೀಕ್ಷೆಗೂ ಮೊದಲಿನ ಆ ಅನುಮಾನ ಎಲ್ಲಿಂದ ಬರಬೇಕು? ಊರು, ತಿಂಗಳು, ಕೆಲಸ, ಮೈ, ಈ ನಾಲ್ಕರಿಂದ. ಇದು ಹಳೆಯ ಕಾಲದ ವೈದ್ಯರ ಬಗೆಗಿನ ಮೋಹದ ಮಾತಲ್ಲ, ಮೇಲಿನ ಲೆಕ್ಕದ ಮೊದಲ ಸಾಲು. ಡಿಸೆಂಬರಿನಿಂದ ಮೇ ತಿಂಗಳ ನಡುವೆ ಸೊರಬ, ಸಾಗರ, ತೀರ್ಥಹಳ್ಳಿಯ ಕಡೆಯಿಂದ ಬಂದವರು, ಸೌದೆಗೋ ದರಗಿಗೋ ಕಾಡಿಗೆ ಹೋಗಿದ್ದವರು, ಒಮ್ಮೆಲೇ ಏರಿದ ಜ್ವರ ಮತ್ತು ತಡೆಯಲಾರದ ತಲೆನೋವು ಎಂದರೆ ಮಂಗನ ಕಾಯಿಲೆಯ ಸಂಭವ ಪಟ್ಟಿಯ ಮೇಲಕ್ಕೆ ಬರುತ್ತದೆ. ಆಸುಪಾಸಿನಲ್ಲಿ ಮಂಗ ಸತ್ತಿದೆಯೇ ಎಂಬ ಪ್ರಶ್ನೆ ಅಲ್ಲಿ ಯಾವ ರಕ್ತಪರೀಕ್ಷೆಗೂ ಕಡಿಮೆಯಲ್ಲ. ಆ ಕಾಯಿಲೆ ಪತ್ತೆಯಾದ ಬಗೆಯೇ ಹಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವು ಕಂಡು ಮೊದಲು ಹುಟ್ಟಿದ ಅನುಮಾನ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬುದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಸೊಳ್ಳೆಯಿಂದ ಹರಡುವ ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ, ರಷ್ಯಾದ ಕಾಡುಗಳಲ್ಲಿನ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್ ಎಂದು ಗೊತ್ತಾಯಿತು. ಮೊದಲ ಅನುಮಾನ ತಪ್ಪಾಗಿತ್ತು, ಆದರೆ ಅದು ಸರಿಯಾದ ದಿಕ್ಕಿಗೆ ಪ್ರಶ್ನೆ ಕೇಳಿಸಿತು. ಅನುಮಾನವನ್ನು ಬಿಗಿಯಾಗಿ ಹಿಡಿಯದೆ ಪರೀಕ್ಷೆಗೆ ಒಡ್ಡಿದ್ದರಿಂದಲೇ ಸತ್ಯ ಹೊರಬಂತು.

ಅದೇ ರೀತಿ ಮಳೆಗಾಲದಲ್ಲಿ ಕರಾವಳಿಯ ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತು ಕೆಲಸ ಮಾಡುವವರ ಜ್ವರ, ಕಣ್ಣಿನ ಬಿಳಿಭಾಗ ಕೀವಿಲ್ಲದೆ ಕೆಂಪಾಗಿರುವುದು, ಮೀನಖಂಡ ಮುಟ್ಟಿದರೆ ನೋಯುವುದು, ಇವು ಮೂರೂ ಸೇರಿದರೆ ಇಲಿಜ್ವರವನ್ನು ನೆನೆಯಲೇಬೇಕು. ಮಂಗಳೂರಿನಲ್ಲಿ ಕಟ್ಟಡ ಕೆಲಸದ ಜಾಗದಿಂದ ಬಂದ ಚಳಿಜ್ವರವಾದರೆ ಮಲೇರಿಯಾಕ್ಕೆ ರಕ್ತದ ಲೇಪ ನೋಡದೆ ಮುಂದೆ ಹೋಗುವಂತಿಲ್ಲ. ಮೈಯನ್ನು ಪೂರ್ತಿ ನೋಡುವುದರ ಬೆಲೆ ಮಾತ್ರ ಸ್ಕ್ರಬ್ ಟೈಫಸ್‌ನಲ್ಲಿ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಪೊದೆ, ಹುಲ್ಲು, ಬೇಲಿಯ ಅಂಚಿನಲ್ಲಿರುವ, ಕಣ್ಣಿಗೆ ಬೀಳದಷ್ಟು ಸಣ್ಣ ನುಸಿಯ ಮರಿ ಕಚ್ಚಿದಾಗ ಈ ಕಾಯಿಲೆಯ ಬ್ಯಾಕ್ಟೀರಿಯಾ ದೇಹ ಸೇರುತ್ತದೆ. ಕಚ್ಚಿದ ಜಾಗದಲ್ಲಿ ನೋವಿಲ್ಲದ, ತುರಿಕೆಯೂ ಇಲ್ಲದ ಒಂದು ಕಪ್ಪು ಹಕ್ಕಳೆ ಕಟ್ಟುತ್ತದೆ, ಬೀಡಿಯ ಕಿಡಿ ತಾಗಿ ಸುಟ್ಟ ಕಲೆಯ ಹಾಗೆ. ಅದು ಇರುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಸ್ತನದ ಅಡಿಯಲ್ಲಿ, ಸೊಂಟದ ದಾರ ಒತ್ತುವ ಜಾಗದಲ್ಲಿ. ರೋಗಿಗೂ ಅದರ ಅರಿವಿರುವುದಿಲ್ಲ. ಎಲ್ಲರಲ್ಲೂ ಅದು ಇರುವುದಿಲ್ಲ ನಿಜ, ಇಲ್ಲದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು. ಆದರೆ ಜ್ವರದ ಜೊತೆ ಅಂತಹ ಹಕ್ಕಳೆ ಕಂಡರೆ ಯಾವ ಲ್ಯಾಬಿನ ಉತ್ತರಕ್ಕೂ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಬಹುದು. ಹೆಂಗಸರು ಸಂಕೋಚದಿಂದ ಹೇಳದೆ, ವೈದ್ಯರು ಸಂಕೋಚದಿಂದ ನೋಡದೆ ಈ ಒಂದು ಗುರುತು ಕೈತಪ್ಪಿಹೋಗುವುದು ನನಗೆ ಬಹಳ ನೋವಿನ ವಿಷಯವಾಗಿ ಕಾಣುತ್ತದೆ. ಒಬ್ಬ ನರ್ಸಮ್ಮ, ಒಂದು ಪರದೆ, ಎರಡು ನಿಮಿಷ ಇದ್ದರೆ ಸಾಕು.

ಐದನೆಯ ಸುಳಿವು ಕಾಲ. ಜ್ವರ ಶುರುವಾಗಿ ಇವತ್ತಿಗೆ ಎಷ್ಟನೆಯ ದಿನ ಎಂಬ ಪ್ರಶ್ನೆಗೆ ನಿಖರವಾದ ಉತ್ತರವಿಲ್ಲದೆ ಬರೆಸಿದ ಪರೀಕ್ಷೆ ಅರ್ಧ ವ್ಯರ್ಥ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ನಾಲ್ಕೈದು ದಿನಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ. ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಗೆ ಅಲ್ಲಿಂದ ಮುಂದೆ ಬೆಲೆ. ಇಲಿಜ್ವರ, ಸ್ಕ್ರಬ್ ಟೈಫಸ್‌ಗಳ ಪ್ರತಿಕಾಯಗಳು ಕಾಣಿಸಿಕೊಳ್ಳಲು ಸುಮಾರು ಒಂದು ವಾರ ಬೇಕು. ಮೂರನೆಯ ದಿನ ಅವನ್ನು ಹುಡುಕಿ ಇಲ್ಲ ಎಂದು ಬರೆದುಕೊಂಡರೆ ಆ ಇಲ್ಲಕ್ಕೆ ಅರ್ಥವಿಲ್ಲ. ಟೈಫಾಯಿಡ್ ಖಚಿತಪಡಿಸುವ ರಕ್ತದ ಕಲ್ಚರ್ ಮೊದಲ ವಾರದಲ್ಲೇ ಹೆಚ್ಚು ಫಲ ಕೊಡುತ್ತದೆ. ಅದೂ ಆ್ಯಂಟಿಬಯೋಟಿಕ್ ಕೊಡುವ ಮುಂಚೆ ರಕ್ತ ತೆಗೆದಿದ್ದರೆ. ಆಗಲೂ ನಿಜವಾದ ಟೈಫಾಯಿಡ್ ರೋಗಿಗಳಲ್ಲಿ ಅರ್ಧದಷ್ಟು ಮಂದಿಯಲ್ಲಷ್ಟೇ ಅದು ಬೆಳೆಯುತ್ತದೆ. ಇನ್ನು ಡೆಂಗಿಯಲ್ಲಂತೂ ಕಾಲದ ಅರ್ಥವೇ ತಿರುವುಮುರುವು: ಜ್ವರ ಇಳಿದು ಮನೆಯವರೆಲ್ಲ ನಿಟ್ಟುಸಿರು ಬಿಡುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರುವ ಒಂದೆರಡು ದಿನದ ಅಪಾಯದ ಘಟ್ಟ ಶುರುವಾಗುತ್ತದೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಇವು ಆ ಹೊತ್ತಿನಲ್ಲಿ ಪ್ಲೇಟ್‌ಲೆಟ್ ಎಣಿಕೆಗಿಂತ ದೊಡ್ಡ ಸೂಚನೆಗಳು. ಆದರೆ ಮನೆಮಂದಿ ಎಲ್ಲ ಕಾಯುವುದು ಪ್ಲೇಟ್‌ಲೆಟ್ ಎಷ್ಟು ಎಂಬ ಅಂಕಿಗೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಣಿಕೆ 20,000ಕ್ಕೆ ಇಳಿದಿದ್ದರೂ ರಕ್ತಸ್ರಾವವಾಗದ ವಯಸ್ಕ ಡೆಂಗಿ ರೋಗಿಗಳಿಗೆ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ಕೊಟ್ಟಿದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಚೀಟಿಯ ಅಂಕಿಗೆ ಚಿಕಿತ್ಸೆ ಮಾಡುವ ಅಭ್ಯಾಸದ್ದೇ ಇನ್ನೊಂದು ರೂಪ ಇದು.

ತಪ್ಪು ಹೆಸರಿನಿಂದ ಅಷ್ಟೇನು ನಷ್ಟ, ನಾಲ್ಕು ದಿನ ಇಂಜೆಕ್ಷನ್ ಹೆಚ್ಚಾಯಿತು ಅಷ್ಟೇ ಅಲ್ಲವೇ ಎಂದು ಕೇಳಬಹುದು. ಸ್ಕ್ರಬ್ ಟೈಫಸ್ ಬಂದವರಿಗೆ ವಿಡಾಲ್ ನೋಡಿ ಟೈಫಾಯಿಡ್ ಎಂದು ಹೆಸರಿಟ್ಟರೆ ಏನಾಗುತ್ತದೆ ಎಂಬುದನ್ನು ದಿನದ ಲೆಕ್ಕದಲ್ಲಿ ಇಟ್ಟು ನೋಡಿ. ಐದನೆಯ ದಿನ ಸೆಫ್ಟ್ರಿಯಾಕ್ಸೋನ್ ಶುರುವಾಗುತ್ತದೆ. ಅದು ಟೈಫಾಯಿಡ್‌ಗೆ ಒಳ್ಳೆಯ ಔಷಧ, ಸ್ಕ್ರಬ್ ಟೈಫಸ್ಸಿನ ಬ್ಯಾಕ್ಟೀರಿಯಾದ ಮೇಲೆ ಅದರ ಆಟ ನಡೆಯುವುದಿಲ್ಲ. ಜ್ವರ ಇಳಿಯುವುದಿಲ್ಲ. ಆದರೆ ಸರಿಯಾದ ಔಷಧ ಕೊಟ್ಟರೂ ಟೈಫಾಯಿಡ್ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ ಎಂಬುದು ಎಲ್ಲ ವೈದ್ಯರಿಗೂ ಗೊತ್ತು. ಹಾಗಾಗಿ ಯಾರಿಗೂ ಗಾಬರಿಯಾಗುವುದಿಲ್ಲ. ಇಳಿಯದ ಜ್ವರ ತಪ್ಪು ಹೆಸರಿನ ಪುರಾವೆಯಾಗಬೇಕಿತ್ತು, ಅದೇ ಆ ಹೆಸರಿಗೆ ರಕ್ಷೆಯಾಗುತ್ತದೆ. ಹೀಗೆ ಹತ್ತನೆಯ ದಿನ ಬರುತ್ತದೆ. ಸ್ಕ್ರಬ್ ಟೈಫಸ್ಸಿನಲ್ಲಿ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲೇ. ಇದರ ತದ್ವಿರುದ್ಧ ದಿಕ್ಕಿನ ನಷ್ಟವೂ ಇದೆ. ಟೈಫಾಯಿಡ್ ಎಂದು ಕೊಡುವ ಕ್ವಿನೊಲೋನ್ ಗುಂಪಿನ ಮಾತ್ರೆಗಳು ಕ್ಷಯದ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಅದುಮುತ್ತವೆ. ಒಳಗೆ ಕ್ಷಯ ಇರುವವರಿಗೆ ಸ್ವಲ್ಪ ದಿನ ಹಾಯೆನಿಸುತ್ತದೆ, ನಿಜವಾದ ಕಾಯಿಲೆ ಪತ್ತೆಯಾಗುವುದು ಮುಂದೆ ಹೋಗುತ್ತದೆ. ಊರಿಗೆಲ್ಲ ತಟ್ಟುವ ನಷ್ಟ ಮೂರನೆಯದು: ಬೇಕಿಲ್ಲದ ಆ್ಯಂಟಿಬಯೋಟಿಕ್ ಬಳಕೆಯಿಂದ ಬ್ಯಾಕ್ಟೀರಿಯಾಗಳು ಔಷಧಗಳಿಗೆ ಜಗ್ಗದಂತಾಗುವುದು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಶುರುವಾದ ಟೈಫಾಯಿಡ್ ಹಾವಳಿಯಲ್ಲಿ ಬ್ಯಾಕ್ಟೀರಿಯಾ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗಲಿಲ್ಲ. ನಿಜವಾದ ಟೈಫಾಯಿಡ್ ರೋಗಿಗೆ ಬೇಕಾಗುವ ಔಷಧವನ್ನು ಇಲ್ಲದ ಟೈಫಾಯಿಡ್‌ಗಳ ಮೇಲೆ ಖರ್ಚು ಮಾಡಿ ಕಳೆದುಕೊಳ್ಳುವುದು ಅನ್ಯಾಯ.

ಹೆಸರು ಒಮ್ಮೆ ಅಂಟಿತೆಂದರೆ ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದ ಮಾರ್ಕ್ ಗ್ರೇಬರ್ ಮತ್ತು ಸಂಗಡಿಗರು 2005ರಲ್ಲಿ ಆಂತರಿಕ ವೈದ್ಯಕೀಯದ 100 ನಿದಾನ ದೋಷಗಳನ್ನು ಬಿಡಿಸಿ ನೋಡಿದರು. ವೈದ್ಯರ ಯೋಚನೆಗೆ ಸಂಬಂಧಿಸಿದ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಜ್ಞಾನದ ಕೊರತೆಯಲ್ಲ. ಒಂದು ಹೊಂದುವ ಉತ್ತರ ಸಿಕ್ಕೊಡನೆ ಬೇರೆ ಸಾಧ್ಯತೆಗಳನ್ನು ಹುಡುಕುವುದು ಬಿಟ್ಟದ್ದು. 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಮೂರು ವಾರ ಮೀರಿಯೂ ಕಾರಣ ತಿಳಿಯದ 100 ಜ್ವರಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಪ್ರಸಿದ್ಧ ಬರಹವೂ ಇದನ್ನೇ ಬೇರೆ ಕಡೆಯಿಂದ ತೋರಿಸುತ್ತದೆ. ಅಂತಹ ಜ್ವರಗಳ ಹಿಂದೆ ಇದ್ದದ್ದು ಬಹುಪಾಲು ಯಾರೂ ಕೇಳರಿಯದ ಕಾಯಿಲೆಗಳಲ್ಲ, ಎಲ್ಲರಿಗೂ ಗೊತ್ತಿರುವ ಕಾಯಿಲೆಗಳೇ ತಮ್ಮ ಎಂದಿನ ರೂಪ ಬಿಟ್ಟು ಬಂದಿದ್ದವು. ಕ್ಷಯವನ್ನು ಬಲ್ಲ ನಮ್ಮ ನಾಡಿಗೆ ಈ ಮಾತು ಹೊಸದಾಗಿ ಹೇಳಬೇಕಾದ್ದಲ್ಲ.

ಇದಕ್ಕೆಲ್ಲ ಎದುರಾಗಿ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಇಷ್ಟೆಲ್ಲ ಕೇಳಲು, ನೋಡಲು ವೈದ್ಯರಿಗೆ ಪುರುಸೊತ್ತೆಲ್ಲಿದೆ? 67 ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದು ಎರಡು ನಿಮಿಷದ ಆಸುಪಾಸು. ಹೊರಗೆ ಎಂಬತ್ತು ಮಂದಿ ಕಾಯುತ್ತಿರುವಾಗ ರಕ್ತಕ್ಕೆ ಬರೆದುಕೊಡುವುದೇ ಸುಲಭ. ಜೊತೆಗೆ ರೋಗಿಯ ಮನೆಯವರಿಗೂ ಹೆಸರು ಬೇಕು: ಯಾವ ಜ್ವರ ಎಂದೇ ಹೇಳಲಿಲ್ಲ ಎಂದು ಬೇಸರಿಸಿಕೊಂಡು ಇನ್ನೊಬ್ಬರ ಬಳಿಗೆ ಹೋಗುತ್ತಾರೆ, ಅಲ್ಲಿ ವಿಡಾಲ್ ಆಗಿ ಹೆಸರು ಸಿಗುತ್ತದೆ. ಈ ಒತ್ತಡವನ್ನು ಉಪದೇಶದಿಂದ ತಳ್ಳಿಹಾಕಲಾಗದು. ಆದರೆ ಸಮಯದ ಲೆಕ್ಕವನ್ನೇ ಸರಿಯಾಗಿ ಹಾಕಿ ನೋಡಿದರೆ ವಾದ ತಿರುಗುತ್ತದೆ. ಎಷ್ಟನೆಯ ದಿನ, ಯಾವ ಊರು, ಏನು ಕೆಲಸ, ಕಾಡು ಗದ್ದೆಗೆ ಹೋಗಿದ್ದರೇ, ಮನೆಯಲ್ಲಿ ನೆರೆಯಲ್ಲಿ ಬೇರೆ ಯಾರಿಗಾದರೂ ಜ್ವರವೇ ಎಂಬ ಐದು ಪ್ರಶ್ನೆಗಳನ್ನು ಹೆಸರು ಬರೆದುಕೊಳ್ಳುವ ಸಿಬ್ಬಂದಿಯೇ ಕೇಳಿ ಚೀಟಿಯಲ್ಲಿ ಗುರುತುಹಾಕಬಹುದು. ಕಂಕುಳು ತೊಡೆಸಂದಿಯನ್ನು ನರ್ಸ್ ನೋಡಬಹುದು. ವೈದ್ಯರ ಎರಡು ನಿಮಿಷ ಅದರ ಮೇಲೆ ಯೋಚಿಸುವುದಕ್ಕೆ ಉಳಿಯುತ್ತದೆ. ಇನ್ನು ಹೆಸರಿನ ವಿಷಯ. ಹೆಸರಿಲ್ಲ ಎಂದಷ್ಟೇ ಹೇಳಿದರೆ ರೋಗಿ ಅನಾಥರಾದಂತೆ ಅನಿಸುವುದು ಸಹಜ. ಇದು ಇಂಥಿಂಥ ಜ್ವರ ಆಗಿರಬಹುದು, ಇಂಥದ್ದನ್ನು ಇವತ್ತು ತಳ್ಳಿಹಾಕಿದ್ದೇವೆ, ನಾಡಿದ್ದು ಬನ್ನಿ, ಅಷ್ಟರಲ್ಲಿ ಇಂಥ ಲಕ್ಷಣ ಕಂಡರೆ ರಾತ್ರಿಯಾದರೂ ಸರಿ ಬನ್ನಿ ಎಂದರೆ ಅವರ ಕೈಗೆ ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುವ ವಿಷಯ ಸಿಕ್ಕಿರುತ್ತದೆ.

ಎರಡನೆಯ ಆಕ್ಷೇಪ ತಂತ್ರಜ್ಞಾನದ್ದು. ವಿಡಾಲ್ ಹಳೆಯದು, ಒಂದೇ ಹನಿ ರಕ್ತದಲ್ಲಿ ಹತ್ತು ಕಾಯಿಲೆಗಳ ಜೀನುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗಳು ಬಂದಿವೆ, ಇನ್ನು ಊಹೆ ಏಕೆ ಎನ್ನುವವರಿದ್ದಾರೆ. ಒಳ್ಳೆಯ ಪರೀಕ್ಷೆ ಖಂಡಿತ ಒಳ್ಳೆಯದೇ. ಮಂಗನ ಕಾಯಿಲೆಯ ಮೊದಲ ದಿನಗಳಲ್ಲಿ ಪಿಸಿಆರ್ ಬಿಟ್ಟರೆ ಖಚಿತ ದಾರಿಯೇ ಕಷ್ಟ. ಆದರೆ ಸುಳ್ಳು ಪಾಸಿಟಿವ್ ನೂರಕ್ಕೆ ಇಪ್ಪತ್ತರಿಂದ ಎರಡಕ್ಕೆ ಇಳಿದರೂ ಲೆಕ್ಕದ ನಿಯಮ ಬದಲಾಗುವುದಿಲ್ಲ. ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದಾಗ, ಪ್ರತಿಯೊಂದರಲ್ಲೂ ನೂರಕ್ಕೆ ಎರಡು ತಪ್ಪಿದ್ದರೆ, ಯಾವ ಕಾಯಿಲೆಯೂ ಇಲ್ಲದ ನೂರು ಮಂದಿಯಲ್ಲಿ ಸುಮಾರು 18 ಮಂದಿಗೆ ಯಾವುದಾದರೊಂದು ಹೆಸರು ಅಂಟುತ್ತದೆ. ಮೇಲಾಗಿ ಸ್ಕ್ರಬ್ ಟೈಫಸ್ ಪಟ್ಟಿಯಲ್ಲಿಲ್ಲದ ಪ್ಯಾನೆಲ್ ತರಿಸಿಕೊಂಡ ಆಸ್ಪತ್ರೆಯಲ್ಲಿ ಸ್ಕ್ರಬ್ ಟೈಫಸ್ ಎಂದೂ ಕಾಣುವುದಿಲ್ಲ. ಯಂತ್ರ ಕೇಳದ ಪ್ರಶ್ನೆಯನ್ನು ಮನುಷ್ಯರೇ ಕೇಳಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ನನ್ನ ವಾದವನ್ನು ತಿದ್ದುವಷ್ಟು ಗಟ್ಟಿ. ಹೆಸರಿಗಾಗಿ ಕಾಯುತ್ತಾ ಕೂತರೆ ರೋಗಿ ಸಾಯಬಹುದು, ಆದ್ದರಿಂದ ಆಗಬಹುದಾದದ್ದಕ್ಕೆಲ್ಲ ಔಷಧ ಕೊಟ್ಟುಬಿಡುವುದೇ ಮೇಲು ಎಂಬುದು ಅದರ ಸಾರ. ಇದರಲ್ಲಿ ನಿಜವಿದೆ. ಪೌಕರ್ ಮತ್ತು ಕ್ಯಾಸಿರರ್ 1980ರಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ತರ್ಕ ಕೊಟ್ಟರು. ಚಿಕಿತ್ಸೆ ಶುರು ಮಾಡಲು ಖಚಿತತೆ ಬೇಕಿಲ್ಲ. ಔಷಧದಿಂದ ಆಗುವ ಹಾನಿ ಸಣ್ಣದು, ಕಾಯಿಲೆಯನ್ನು ಹಾಗೆಯೇ ಬಿಟ್ಟರೆ ಆಗುವ ಹಾನಿ ದೊಡ್ಡದು ಎಂದಾದರೆ, ಕಡಿಮೆ ಸಂಭವದಲ್ಲೂ ಚಿಕಿತ್ಸೆ ಸರಿಯೇ. ಡಾಕ್ಸಿಸೈಕ್ಲಿನ್ ಅಗ್ಗ, ಬಹುಮಟ್ಟಿಗೆ ನಿರಪಾಯಕಾರಿ, ಸ್ಕ್ರಬ್ ಟೈಫಸ್ಸಿಗೂ ಇಲಿಜ್ವರಕ್ಕೂ ಕೆಲಸ ಮಾಡುತ್ತದೆ. ಹಾಗಾಗಿ ಆ ಕಾಯಿಲೆಗಳಿರುವ ಪ್ರದೇಶದಲ್ಲಿ ಐದನೆಯ ದಿನಕ್ಕೂ ಇಳಿಯದ, ಮಲೇರಿಯಾ ಡೆಂಗಿ ಅಲ್ಲವೆಂದು ಕಂಡ ಜ್ವರಕ್ಕೆ ಅದನ್ನು ಹೆಸರಿಲ್ಲದೆಯೇ ಶುರು ಮಾಡುವುದು ವಿವೇಕ. ಕಾಯಿಲೆ ಉಲ್ಬಣಿಸಿದ್ದರಂತೂ ಗಂಟೆಗಳೂ ಮುಖ್ಯ. ಭಾರತದ ಹಲವು ಆಸ್ಪತ್ರೆಗಳು ಸೇರಿ ತೀವ್ರ ಸ್ಕ್ರಬ್ ಟೈಫಸ್ಸಿನ ಸುಮಾರು 800 ರೋಗಿಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಟ್ಟದ್ದು ಯಾವುದೋ ಒಂದನ್ನು ಕೊಟ್ಟದ್ದಕ್ಕಿಂತ ಮೇಲೆಂದು ಕಂಡಿತು. ಅಂದರೆ ಹೆಸರು ಕಾಯಬಹುದು, ನಿರ್ಧಾರ ಕಾಯಲಾಗದು. ನಾನು ವಿರೋಧಿಸುತ್ತಿರುವುದು ನಿರ್ಧಾರವನ್ನಲ್ಲ, ಸುಳ್ಳು ಖಚಿತತೆಯನ್ನು. ಸ್ಕ್ರಬ್ ಟೈಫಸ್ ಇರಬಹುದೆಂದು ಡಾಕ್ಸಿಸೈಕ್ಲಿನ್ ಕೊಟ್ಟವರಿಗೆ ನಾಳೆ ಮತ್ತೆ ಯೋಚಿಸುವ ದಾರಿ ತೆರೆದಿದೆ. ಟೈಫಾಯಿಡ್ ಇದೆ ಎಂದು ಬರೆದವರಿಗೆ ಆ ದಾರಿ ಮುಚ್ಚಿದೆ.

ಕೊಟ್ಟ ಔಷಧಕ್ಕೆ ಜ್ವರ ಇಳಿದರೆ ಅದನ್ನೇ ಪುರಾವೆಯಾಗಿ ಹಿಡಿಯಬಹುದೇ? ಸ್ವಲ್ಪ ಮಟ್ಟಿಗೆ ಹೌದು. ಸ್ಕ್ರಬ್ ಟೈಫಸ್ ಆಗಿದ್ದರೆ ಡಾಕ್ಸಿಸೈಕ್ಲಿನ್ ಶುರುವಾಗಿ ಎರಡು ದಿನದೊಳಗೆ ಜ್ವರ ಸಾಮಾನ್ಯವಾಗಿ ಬಿಡುತ್ತದೆ, ಬಿಡದಿದ್ದರೆ ಬೇರೆ ಕಡೆ ಹುಡುಕಬೇಕು. ಆದರೆ ಇಳಿದದ್ದಕ್ಕೆ ಔಷಧವೇ ಕಾರಣ ಎನ್ನಲು ಧೈರ್ಯ ಸಾಲದು, ವೈರಲ್ ಜ್ವರವೂ ಆರೇಳನೆಯ ದಿನಕ್ಕೆ ತಾನಾಗಿ ಇಳಿಯುತ್ತದೆ. ಹಾಗೆಯೇ ಔಷಧ ಫಲಿಸಿದ್ದರಿಂದ ಮೊದಲು ಇಟ್ಟ ಹೆಸರು ಸರಿಯಾಗುವುದೂ ಇಲ್ಲ. 1948ರಲ್ಲಿ ಮಲಯದಲ್ಲಿ ಅಮೆರಿಕದ ವೈದ್ಯರ ತಂಡ ಕ್ಲೋರಾಂಫೆನಿಕಾಲ್ ಎಂಬ ಆಗಿನ ಹೊಸ ಔಷಧವನ್ನು ಸ್ಕ್ರಬ್ ಟೈಫಸ್ ರೋಗಿಗಳಿಗೆ ಕೊಟ್ಟು ನೋಡುತ್ತಿತ್ತು. ಸ್ಕ್ರಬ್ ಟೈಫಸ್ ಎಂದೇ ಭಾವಿಸಿ ಔಷಧ ಕೊಟ್ಟವರಲ್ಲಿ ಟೈಫಾಯಿಡ್ ಇದ್ದವರೂ ಸೇರಿಹೋಗಿದ್ದರು, ಅವರೂ ಚೇತರಿಸಿಕೊಂಡರು. ಟೈಫಾಯಿಡ್‌ಗೆ ಮೊದಲ ಬಾರಿಗೆ ಫಲಕಾರಿ ಔಷಧ ಸಿಕ್ಕಿದ್ದು ಹೀಗೆ. ಜ್ವರ ಇಳಿಯಿತಲ್ಲ ಎಂದು ಆ ತಂಡ ಅಷ್ಟಕ್ಕೇ ತೃಪ್ತಿಪಟ್ಟಿದ್ದರೆ ಆ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ. ಔಷಧ ಕೊಟ್ಟ ಮೇಲೂ ಅವರು ಕಲ್ಚರ್ ಫಲಿತಾಂಶ ನೋಡಿದರು, ಮೊದಲು ಇಟ್ಟ ಹೆಸರನ್ನು ಅಳಿಸಿದರು.

ಹಾಗೆ ಅಳಿಸಲು ಅನುವಾಗುವಂತೆ ಜ್ವರದ ರೋಗಿಯ ಚೀಟಿಯನ್ನು ಬರೆಯುವುದು ನಮ್ಮ ಆಸ್ಪತ್ರೆಗಳಲ್ಲಿ ಇವತ್ತೇ ಶುರುವಾಗಬಹುದಾದ ಕೆಲಸ. ಟೈಫಾಯಿಡ್ ಎಂಬ ಒಂದು ಪದದ ಬದಲು ಚೀಟಿಯಲ್ಲಿ ಇಷ್ಟಿರಲಿ: ಜ್ವರದ ಐದನೆಯ ದಿನ, ಕಾರಣ ಇನ್ನೂ ತಿಳಿದಿಲ್ಲ, ಮಲೇರಿಯಾ ಲೇಪ ನೆಗೆಟಿವ್, ಎನ್‌ಎಸ್1 ನೆಗೆಟಿವ್, ಹಕ್ಕಳೆ ಹುಡುಕಿದೆ, ಕಂಡಿಲ್ಲ, ರಕ್ತದ ಕಲ್ಚರ್ ಕಳಿಸಿದ ಮೇಲೆ ಡಾಕ್ಸಿಸೈಕ್ಲಿನ್ ಶುರು, ಏಳನೆಯ ದಿನ ಮತ್ತೆ ನೋಡುವುದು, ಆಗಲೂ ಜ್ವರವಿದ್ದರೆ ಮೇಲಿನ ಎಲ್ಲವನ್ನೂ ಮೊದಲಿನಿಂದ. ಎರಡು ದಿನ ಬಿಟ್ಟು ಆ ಚೀಟಿ ಹಿಡಿದು ರೋಗಿ ಬೇರೆ ಊರಿನ, ಬೇರೆ ವೈದ್ಯರ ಬಳಿಗೆ ಹೋದರೂ, ಏನನ್ನು ನೋಡಿಯಾಗಿದೆ, ಏನನ್ನು ನೋಡಬೇಕಾಗಿದೆ ಎಂಬುದು ಅವರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ.